ಮೂರನೇ ಚುಕ್ಕಿ

ಮೇ 14, ಮಂಗಳವಾರ. ಬೆಳಿಗ್ಗೆ 8.40

ಮತ್ತೆ ಐದು ಅಂಕ ಹೋಯಿತು. ಇವತ್ತು ಕಾಲುಚೀಲ. ಎರಡು ಮಡಿಕೆ ಇರಬೇಕಂತೆ, ನನ್ನದು ಮೂರು. ಗೇಟಿನಲ್ಲಿ ಪ್ರನೋಮ್ ಟೀಚರ್ — ಶಿಸ್ತಿನ ವಿಭಾಗದ ಯಜಮಾನಿ — ಬಗ್ಗಿ ಎಣಿಸಿದರು. ನಿಜವಾಗಿಯೂ ಬಗ್ಗಿ, ಕನ್ನಡಕ ಏರಿಸಿಕೊಂಡು.

"ಕೊನೇ ವರ್ಷಕ್ಕೆ ಬಂದ್ರೂ ಕಾಲುಚೀಲ ಹಾಕ್ಕೊಳ್ಳೋಕೆ ಬರಲ್ಲ ನಿಂಗೆ. ಎಷ್ಟು ಅಂಕ ಉಳಿದಿದೆ, ಪಿಯತಿಡಾ?"

"ತೊಂಬತ್ತೈದು, ಟೀಚರ್."

"ಈಗ ತೊಂಬತ್ತು. ಶಾಲೆ ಶುರುವಾಗಿ ಎರಡೇ ದಿನ. ಭೇಷ್."

ಅರವತ್ತರ ಕೆಳಗಿಳಿದರೆ ನಡತೆ ಪತ್ರ ಇಲ್ಲ. ಪತ್ರ ಇಲ್ಲದಿದ್ದರೆ ಯೂನಿವರ್ಸಿಟಿಯವರು ಅರ್ಜಿ ನೋಡುವುದೂ ಇಲ್ಲ. ಅದಿರಲಿ. ಬರೆಯಲು ಕೂತದ್ದು ಅದಕ್ಕಲ್ಲ.

ಬಾವುಟ ಏರಿಸಿ ಪ್ರಾರ್ಥನೆ ಮುಗಿದ ಮೇಲೆ ಹೊಸ ಡೈರೆಕ್ಟರ್ ಮೇಡಂ ಮೈಕ್ ಹಿಡಿದರು. ಈ ವರ್ಷದಿಂದ ಯೂನಿಫಾರ್ಮಿನ ಮೇಲಿನ ಹೆಸರನ್ನು ಕಂಪನಿಯವರು ಕಂಪ್ಯೂಟರಿನಲ್ಲಿ ಹಾಕುತ್ತಾರಂತೆ. ಒಂದೇ ಅಳತೆ, ಒಂದೇ ಅಕ್ಷರ, ನೀಟು. ಕ್ಯಾಂಟೀನ್ ಹಿಂದಿನ ಹೊಲಿಗೆ ಕೋಣೆ ಜೂನ್ ಮೂವತ್ತಕ್ಕೆ ಖಾಲಿ. ಅಲ್ಲಿ ಕಾಫಿ ಕಾರ್ನರ್ ಬರುತ್ತದೆ. ಚಪ್ಪಾಳೆ ಹೊಡೆಯಿರಿ ಎಂದರು. ಹೊಡೆದರು ಎಲ್ಲರೂ. ನಾನೂ ಎರಡು ಹೊಡೆದೆ. ಮೂರನೆಯದಕ್ಕೆ ಕೈ ನಿಂತಿತು.

ಆ ಕೋಣೆ ಲಮಿಯತ್ ದೊಡ್ಡಮ್ಮನದು, ಇಡೀ ಶಾಲೆ ದೊಡ್ಡಮ್ಮ ಎಂದು ಕರೆಯುವ ಹೊಲಿಗೆಯವಳದು. ಮೂವತ್ತೊಂದು ವರ್ಷದಿಂದ.

ಮೇ 15, ಬುಧವಾರ

ಊಟದ ಬಿಡುವಿನಲ್ಲಿ ನನ್ನ ಬೆಂಚಿನ ಗೆಳತಿ ಖಿಂಗ್ ಜೊತೆ ಹೊಲಿಗೆ ಕೋಣೆಗೆ ಹೋದೆ. ಖಿಂಗ್ ಎಂದರೆ ಶುಂಠಿ. ಅವಳಮ್ಮ ಯಾಕೆ ಹಾಗೆ ಕರೆದಳೋ, ಅವಳ ಬಾಯಿ ನೋಡಿದರೆ ಸರಿಯಾಗಿದೆ.

ದೊಡ್ಡಮ್ಮ ಕಾಲಲ್ಲಿ ಮಷಿನ್ ತುಳಿಯುತ್ತ, ಕಸೂತಿಯ ಮರದ ಬಳೆಯಲ್ಲಿ ಬಟ್ಟೆ ಬಿಗಿದು, ಒಂದನೇ ವರ್ಷದ ಒಂದು ಚಿಕ್ಕ ಮಗುವಿನ ಹೆಸರು ಹೊಲಿಯುತ್ತಿದ್ದಳು. ನೀಲಿ ದಾರ. ಮಗು ಬನಿಯನ್‌ನಲ್ಲಿ ಮುದುರಿಕೊಂಡು ಕೂತಿತ್ತು.

"ಹೆಸರಿನ ಅರ್ಥ ಹೇಳು, ಮಗಾ. ಅರ್ಥ ಗೊತ್ತಿಲ್ದೆ ಇರೋ ಹೆಸ್ರನ್ನ ನಾನು ಹೊಲಿಯಲ್ಲ."

"ಬೆಳದಿಂಗಳು…"

"ಜೋರಾಗಿ. ಬೆಳದಿಂಗಳು ಇಷ್ಟು ಸಣ್ಣಗಿರುತ್ತಾ?"

ನಮ್ಮೆಲ್ಲರಿಗೂ ಹೀಗೇ ಮಾಡಿದ್ದಾಳೆ. ಖಿಂಗ್ ತಡೆಯಲಾರದೆ ಕೇಳಿದಳು, "ದೊಡ್ಡಮ್ಮ, ನೀವು ಸುಮ್ನೆ ಹೋಗ್ತೀರಾ?"

"ಇನ್ನೇನು ಮಾಡ್ಲಿ, ಡೈರೆಕ್ಟರ್ ಮನೆ ಮುಂದೆ ಡೋಲು ಬಡೀಲಾ? ಶಾಲೆ ಅವರ್ದು. ಕಾಲು ಮಾತ್ರ ನಂದು." ಮಷಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮ ಶರ್ಟ್ ತಂದ್ರಾ? ಮೂರನೇ ಚುಕ್ಕಿ ಹಾಕ್ಬೇಕಲ್ಲ."

ತಂದಿರಲಿಲ್ಲ. ನಾಲ್ಕನೇ ವರ್ಷಕ್ಕೆ ಹೆಸರಿನ ಮೇಲೆ ಒಂದು ಚುಕ್ಕಿ, ಐದಕ್ಕೆ ಎರಡು, ಆರಕ್ಕೆ ಮೂರು. ಮೂರನೆಯದು ಬಿದ್ದ ದಿನ ಇಡೀ ಶಾಲೆಗೆ ಅಕ್ಕ.

"ನಾಳೆ ತರ್ತೀವಿ" ಎಂದೆ. ಅಷ್ಟರಲ್ಲಿ ಆಫೀಸಿನಿಂದ ಗುಮಾಸ್ತೆ ಬಂದಳು. ದೊಡ್ಡಮ್ಮ ಹೊಸ ಕೆಲಸ ತೆಗೆದುಕೊಳ್ಳುವಂತಿಲ್ಲ, ಹರಿದದ್ದು ತೇಪೆ ಹಾಕಬಹುದು ಅಷ್ಟೇ, ಚುಕ್ಕಿಯೂ ಕಂಪನಿಯದೇ ಎಂದು ಹೇಳಿ ಹೋದಳು.

ದೊಡ್ಡಮ್ಮ ಬೆಳದಿಂಗಳ ಕೊನೆಯ ಅಕ್ಷರ ಮುಗಿಸಿ ದಾರ ಹಲ್ಲಲ್ಲಿ ಕತ್ತರಿಸಿದಳು. ಖಾಲಿ ಬಳೆಯನ್ನು ಗೋಡೆಯ ಮೊಳೆಗೆ ಹಾಕಿದಳು. ಆ ಖಾಲಿ ಬಳೆಯನ್ನು ನನಗೆ ಸಹಿಸಲು ಆಗಲಿಲ್ಲ.

ಮೇ 15, ಮತ್ತೆ. ಸಂಜೆ

ಇದನ್ನು ಎಲ್ಲೂ ಬರೆದಿರಲಿಲ್ಲ. ಈಗ ಬರೆಯುತ್ತೇನೆ.

ಎರಡನೇ ವರ್ಷದಲ್ಲಿದ್ದಾಗ ಅಪ್ಪ ಬಿಟ್ಟುಹೋದ. ಅಮ್ಮ ಒಂದೇ ವಾರದಲ್ಲಿ ಕಚೇರಿಗೆ ಹೋಗಿ ನನ್ನ ಅಡ್ಡಹೆಸರು ಬದಲಿಸಿ ತನ್ನದು ಹಾಕಿಸಿದಳು. ಐದು ಶರ್ಟು, ಐದರ ಮೇಲೂ ಹಳೆಯದು. ವರ್ಷದ ನಡುವೆ. ಬಿಚ್ಚಿದರೆ ಸೂಜಿಯ ತೂತು ಉಳಿಯುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ ಎಂದು ಹೊಲಿಗೆ ಕೋಣೆಯಲ್ಲಿ ಕೂತು ಅತ್ತೆ. ದೊಡ್ಡಮ್ಮ ಒಂದೊಂದೇ ಎಳೆ ಬಿಡಿಸಿದಳು. ಉಗುರಿನಿಂದ ಬಟ್ಟೆ ಉಜ್ಜಿದಳು, ನೀರು ಚಿಮುಕಿಸಿ ಇಸ್ತ್ರಿ ಮಾಡಿದಳು. ತೂತು ಮುಚ್ಚಿಹೋದವು. ಮೂರು ದಿನ ಹಿಡಿಯಿತು.

"ಯಾರಾದ್ರೂ ಕೇಳಿದ್ರೆ ತಲೆ ಎತ್ತಿ ಹೊಸ ಹೆಸರು ಹೇಳ್ಬೇಕು" ಎಂದಳು. "ತಲೆ ತಗ್ಗಿಸಿ ಹೇಳಿದ್ದು ನನ್ನ ಕಿವಿಗೆ ಬಿತ್ತೋ, ಐದೂ ಬಿಚ್ಚಿಬಿಡ್ತೀನಿ."

ಈ ಶಾಲೆಯಲ್ಲಿ ಆರು ವರ್ಷ ಏನು ಕಲಿತೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅದು. ಬಾಕಿ ಎಲ್ಲ ಪುಸ್ತಕದಲ್ಲಿದೆ.

ಮೇ 17, ಶುಕ್ರವಾರ

ತೀರ್ಮಾನ ಆಯಿತು. ನಮ್ಮ ಆರು-ಎರಡು, ಅಂದರೆ ಆರನೇ ವರ್ಷದ ಎರಡನೇ ಕ್ಲಾಸು, ಮೂವತ್ತೆಂಟು ಜನ. ಯಾರೂ ಕಂಪನಿಗೆ ಶರ್ಟು ಕೊಡುವುದಿಲ್ಲ. ಎರಡೇ ಚುಕ್ಕಿಯಲ್ಲಿ ಬರುತ್ತೇವೆ, ದೊಡ್ಡಮ್ಮನಿಗೆ ಕೋಣೆ ವಾಪಸು ಸಿಗುವ ತನಕ. ಹೇಳಿದ್ದು ನಾನು. ಮೊದಲು ಕೈ ಎತ್ತಿದ್ದು ಖಿಂಗ್.

ಮೇ 20, ಸೋಮವಾರ. ಮಧ್ಯಾಹ್ನ

ನಗು ಇನ್ನೂ ನಿಂತಿಲ್ಲ. ಬೇಗ ಬರೆದುಬಿಡಬೇಕು.

ಗೇಟಿನಲ್ಲಿ ಸಾಲಾಗಿ ಬಂದೆವು. ಮೂವತ್ತೆಂಟು ಎದೆ, ಎರಡೆರಡೇ ಚುಕ್ಕಿ. ಪ್ರನೋಮ್ ಟೀಚರ್ ಮೊದಲು ನನ್ನನ್ನು ನೋಡಿದರು, ಆಮೇಲೆ ಹಿಂದಿನವಳನ್ನು, ಆಮೇಲೆ ಸಾಲು ಪೂರ್ತಿ. ಮುಖ ಕೆಂಪು.

"ಏನಿದು? ಎರಡು ಚುಕ್ಕಿ ಅಂದ್ರೆ ಐದನೇ ವರ್ಷ. ಫೇಲಾಗಿದೀರಾ ಎಲ್ರೂ? ಹಾಗಿದ್ರೆ ಹೋಗಿ ಐದನೇ ವರ್ಷದ ಕ್ಲಾಸಲ್ಲೇ ಕೂತ್ಕೊಳ್ಳಿ!"

ಕೈ ಮುಗಿದು "ಆಗಲಿ ಟೀಚರ್" ಎಂದೆ.

ಹೋಗಿ ಕೂತೆವು. ಐದು-ಎರಡರಲ್ಲಿ. ಒಂದೊಂದು ಕುರ್ಚಿಗೆ ಇಬ್ಬರು, ಉಳಿದವರು ನೆಲದ ಮೇಲೆ. ತಂಗಿಯರು ಕಿರುಚಿ ಜಾಗ ಬಿಟ್ಟುಕೊಟ್ಟರು. ಕೆಮಿಸ್ಟ್ರಿ ಟೀಚರ್ ಒಳಗೆ ಬಂದವರು ಬಾಗಿಲ ಮೇಲಿನ ಬೋರ್ಡ್ ಓದಲು ಮತ್ತೆ ಹೊರಗೆ ಹೋದರು. ಅತ್ತ ನಮ್ಮ ಕ್ಲಾಸಿನಲ್ಲಿ ಗಣಿತದ ಟೀಚರ್ ಖಾಲಿ ಬೆಂಚುಗಳಿಗೆ ಹಾಜರಿ ಕರೆಯುತ್ತಿದ್ದರಂತೆ.

ಎರಡು ಪೀರಿಯಡ್ ಆದ ಮೇಲೆ ಪ್ರನೋಮ್ ಟೀಚರ್ ಬಂದರು.

"ಯಾರು ಹೇಳಿದ್ದು ನಿಮಗೆ ಇಲ್ಲಿ ಕೂರೋಕೆ?"

"ನೀವೇ, ಟೀಚರ್" — ಖಿಂಗ್.

ತಲಾ ಹತ್ತು ಅಂಕ ಕಡಿತ. ನನ್ನದು ಎಂಬತ್ತು. ಸಂತೋಷದಿಂದ ಕೊಟ್ಟೆ.

ಮೇ 27, ಸೋಮವಾರ

ಎಪ್ಪತ್ತು. ಪ್ರತಿ ಸೋಮವಾರ ತಪಾಸಣೆ, ಪ್ರತಿ ಸೋಮವಾರ ಹತ್ತು. ಮನೆಗಳಿಗೆ ಪತ್ರ ಹೋಗಿದೆ.

ಅಮ್ಮ ಓದಿದಳು. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ನಮ್ಮದು ನಾನ್ ನದಿಯ ದಂಡೆಯ ನೂಡಲ್ ಅಂಗಡಿ. ಜಗಲಿಯಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ತಿನ್ನುತ್ತಾರೆ. ಅಮ್ಮ ಒಂದು ಕೈಲಿ ಪತ್ರ, ಒಂದು ಕೈಲಿ ಸೌಟು.

"ಚುಕ್ಕಿಗೋಸ್ಕರ? ಸೊಳ್ಳೆ ಗಾತ್ರದ ಚುಕ್ಕಿಗೋಸ್ಕರ ಯೂನಿವರ್ಸಿಟಿ ಕಳ್ಕೋತೀಯಾ? ನಾನು ಈ ಬಿಸಿನೀರಿನ ಮುಂದೆ ಬೇಯ್ತಿರೋದು ಯಾತಕ್ಕೆ?"

"ಲಮಿಯತ್ ದೊಡ್ಡಮ್ಮನ್ನ ಓಡಿಸ್ತಿದಾರೆ, ಅಮ್ಮ."

ಸೌಟು ನಿಂತಿತು. ಅಮ್ಮನೂ ಅದೇ ಶಾಲೆಯವಳು. "ನನ್ನ ಹೆಸರೂ ಅವರೇ ಹೊಲಿದಿದ್ದು" ಎಂದಳು. ಆಮೇಲೆ ಗಿರಾಕಿಯೊಬ್ಬರಿಗೆ ಎರಡು ಸಲ ಮೆಣಸಿನಪುಡಿ ಹಾಕಿ ಬೈಸಿಕೊಂಡಳು. ಪತ್ರಕ್ಕೆ ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ.

ಜೂನ್ 4, ಮಂಗಳವಾರ

ವಾರ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ, ಬರೀ ಎಣಿಕೆ. ಮೂವತ್ತೆಂಟು ಮೂವತ್ತಾಯಿತು, ಆಮೇಲೆ ಹತ್ತೊಂಬತ್ತು. ಇವತ್ತು ಹನ್ನೊಂದು. ಅಪ್ಪಂದಿರು ಬಂದರು, ಅಮ್ಮಂದಿರು ಬಂದರು, ಅಜ್ಜಿಯೊಬ್ಬಳು ಆಫೀಸಿನಲ್ಲಿ ಅತ್ತಳಂತೆ.

ಖಿಂಗ್ ಮೂರು ಚುಕ್ಕಿಯಲ್ಲಿ ಬಂದಳು.

ಕಂಪನಿಯ ಚುಕ್ಕಿ ಗುಂಡಗೆ, ಹೊಳೆಯುತ್ತಿತ್ತು. ದೊಡ್ಡಮ್ಮನ ಎರಡರ ಪಕ್ಕದಲ್ಲಿ ಬೇರೆ ಯಾರದೋ ಮನೆಯ ಮಗು ಬಂದು ನಿಂತ ಹಾಗೆ.

"ಹಾಗೆ ನೋಡ್ಬೇಡ" ಎಂದಳು. "ಸ್ಕಾಲರ್‌ಶಿಪ್ ಕಿತ್ಕೋತೀವಿ ಅಂದ್ರು. ನಿಂಗೆ ಅಮ್ಮನ ಅಂಗಡಿ ಇದೆ. ನಂಗೇನಿದೆ?"

"ಮೊದಲು ಕೈ ಎತ್ತಿದ್ದು ನೀನು."

"ಹೌದು. ಮೊದಲು ಇಳಿಸಿದ್ದು ನಾನಲ್ವಲ್ಲ!"

ಕೆಟ್ಟ ಮಾತು ಆಡಿದೆ. ಬರೆಯುವುದಿಲ್ಲ. ಅವಳೂ ಆಡಿದಳು. ಆರು ವರ್ಷ ಒಂದೇ ಬೆಂಚು, ಮಧ್ಯಾಹ್ನ ಬೇರೆ ಬೇರೆ ಮೇಜಿನಲ್ಲಿ ಊಟ.

ನನ್ನದು ಅರವತ್ತು.

ಜೂನ್ 6, ಗುರುವಾರ

ಕೋಣೆಗೆ ಆಗಲೇ ಬೀಗ. ಮೂವತ್ತನೇ ತಾರೀಕು ಎಂದಿದ್ದರು, ಕಾಫಿಯವರು ಅಳತೆಗೆ ಬರುತ್ತಾರೆಂದು ಇವತ್ತೇ ಹಾಕಿದ್ದಾರೆ. ಮಷಿನ್ ಹೊರಗೆ, ಗೋಡೆಗೆ ಒರಗಿಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ. ದೊಡ್ಡಮ್ಮ ಪಕ್ಕದಲ್ಲೇ ಸ್ಟೂಲಿನ ಮೇಲೆ.

ಅಪ್ಪಿಕೊಳ್ಳುತ್ತಾಳೆ ಅಂದುಕೊಂಡು ಹೋದೆ. ಬೈದಳು.

"ಎಷ್ಟಕ್ಕೆ ಇಳಿದಿದೆ ನಿನ್ನ ಅಂಕ? ಅರವತ್ತಾ? ಯಾರು ಕೇಳಿದ್ರು ನಿನ್ನ? ನಾಳೆ ನಿನ್ನ ಬಾಳು ಕೆಟ್ರೆ, ಲಮಿಯತ್‌ಗೋಸ್ಕರ ಕೆಟ್ಟಿತು ಅಂತಾರೆ. ಆ ಭಾರ ಹೊತ್ಕೊಂಡು ಸಾಯ್ಲಾ ನಾನು?"

"ನೀವೇ ತಲೆ ಎತ್ತು ಅಂದಿದ್ರಿ."

"ತಲೆ ಎತ್ತು ಅಂದೆ. ತಲೆ ಚಚ್ಕೋ ಅನ್ಲಿಲ್ಲ!"

ಜಾರಿದ ಪ್ಲಾಸ್ಟಿಕ್ ಹಾಳೆಯನ್ನು ಮಷಿನ್ ಮೇಲೆ ಎಳೆದೆ. ಅವಳ ದನಿ ಇಳಿಯಿತು. "ಕೋಣೆ ಹೋಗ್ಲಿ ಬಿಡು. ಗೋಡೆ ತಾನೆ. ಮೂವತ್ತೊಂದು ವರ್ಷದಲ್ಲಿ ಒಂದು ದಿನ ಆದ್ರೂ, ಆ ಆಫೀಸಿನೋರು ಒಳಗೆ ಬಂದು, 'ಕೂತ್ಕೊಳ್ಳಿ, ಹೀಗ್ಹೀಗೆ ಆಗಿದೆ' ಅಂತ ಮುಖ ನೋಡಿ ಹೇಳ್ಬಹುದಿತ್ತು. ಮೈಕಲ್ಲಿ ಹೇಳಿದ್ರು. ನಾನು ತೇಪೆ ಹಾಕ್ತಾ ಇದ್ದೆ, ಕಿಟಕಿಯಿಂದ ಕೇಳಿಸ್ಕೊಂಡೆ."

ಆಗ ಅರ್ಥವಾಯಿತು. ಕೋಣೆ ಉಳಿಸಿಕೊಡಲು ನಮ್ಮಿಂದ ಆಗುವುದಿಲ್ಲ. ಇವಳನ್ನು ಕೂರಿಸಿ ಮುಖ ನೋಡಿ ಕೈ ಮುಗಿಯುವುದು — ಅದು ಆಗುತ್ತದೆ. ಅದನ್ನು ಮಾಡಿಯೇ ತೀರುತ್ತೇನೆ.

ಜೂನ್ 10, ಸೋಮವಾರ

ಗುರುವಾರ ಗುರುವಂದನೆ. ಅದರ ತಾಲೀಮಿನ ಗಡಿಬಿಡಿಯಲ್ಲಿ ಇವತ್ತು ತಪಾಸಣೆ ಇರಲಿಲ್ಲ. ಪ್ರತಿ ಕ್ಲಾಸಿನಿಂದ ಇಬ್ಬರು: ಒಬ್ಬಳು ಹೂವಿನ ತಟ್ಟೆ, ಒಬ್ಬಳು ಊದುಬತ್ತಿ-ಮೇಣದಬತ್ತಿಯ ತಟ್ಟೆ. ವೇದಿಕೆಯ ಮೆಟ್ಟಿಲಿನಿಂದ ಟೀಚರ್‌ಗಳ ಕುರ್ಚಿಯ ತನಕ ಮಂಡಿಯಲ್ಲೇ ಹೋಗಬೇಕು. ಆರು-ಎರಡರಿಂದ ಹೋದ ವರ್ಷವೇ ಆರಿಸಿದ್ದು ನನ್ನನ್ನೂ ಖಿಂಗಳನ್ನೂ.

ಪ್ರನೋಮ್ ಟೀಚರ್ ಕರೆಸಿದರು. "ಎರಡು ಚುಕ್ಕಿ ಇಟ್ಕೊಂಡು ಹೂತಟ್ಟೆ ಹಿಡಿಯೋ ಹಾಗಿಲ್ಲ. ಗುರುವಾರದೊಳಗೆ ಮೂರನೇದು ಇರ್ಬೇಕು."

ಲಮಿಯತ್ ದೊಡ್ಡಮ್ಮನಿಗೂ ಒಂದು ತಟ್ಟೆ ಕೊಡಬಹುದಾ ಎಂದು ಕೇಳಿದೆ. ಮರ್ಯಾದೆಯಾಗಿಯೇ ಕೇಳಿದೆ.

"ಡೈರೆಕ್ಟರ್ ಮೇಡಂನ ನಾನೇ ಕೇಳ್ದೆ" ಎಂದರು. ಬೆಚ್ಚಿಬಿದ್ದೆ. "ಅವರು ಶಿಕ್ಷಕಿಯಲ್ಲ, ಪಟ್ಟಿಯಲ್ಲಿ ಇಲ್ಲ ಅಂದ್ರು. ಮುಗೀತು. ನೀನಿನ್ನು ಹೋಗು." ನಾನು ಬಾಗಿಲ ತನಕ ಹೋದ ಮೇಲೆ, "ಐದು ಅಂಕ ಕಡಿತ" ಎಂದರು.

"ಯಾಕೆ ಟೀಚರ್?"

"ಕಾಲುಚೀಲ."

ಐವತ್ತೈದು. ನಡತೆ ಪತ್ರ ಕೈತಪ್ಪಿತು. ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಇನ್ನು ಕಿತ್ತುಕೊಳ್ಳಲು ಅವರ ಹತ್ತಿರ ಏನೂ ಉಳಿದಿಲ್ಲ ಎಂಬುದು ಒಂಥರಾ ಹಗುರ.

ಜೂನ್ 12, ಬುಧವಾರ. ಸಂಜೆ 5

ತಟ್ಟೆ ಕಟ್ಟಿ ಮುಗಿಸಿದೆವು. ಕೇಪಳ, ಗರಿಕೆ, ಬದನೆ ಹೂವು, ಭತ್ತದ ಅರಳು. ಕೇಪಳದ ಮೊಗ್ಗಿನ ಹಾಗೆ ಬುದ್ಧಿ ಚೂಪಾಗಲಿ, ಗರಿಕೆಯ ಹಾಗೆ ಹಬ್ಬಲಿ, ಬದನೆ ಹೂವಿನ ಹಾಗೆ ತಲೆ ಬಾಗಲಿ. ಖಿಂಗ್ ಎದುರಿಗೆ ಕೂತು ಬದನೆ ಹೂವು ಪೋಣಿಸುತ್ತಿದ್ದಳು. ಮಾತಿಲ್ಲ. ದಾರ ಬೇಕಾದಾಗ ಕೈ ಚಾಚಿದಳು, ಕೊಟ್ಟೆ. ಅಷ್ಟೇ.

ಜೂನ್ 13, ಗುರುವಾರ. ಬೆಳಿಗ್ಗೆ 7.15

ಮೂರನೇ ಚುಕ್ಕಿ ಇಟ್ಟುಕೊಂಡೆ. ಬಾಲ್‌ಪೆನ್ನಿನಲ್ಲಿ.

ನೀಲಿ ಸರಿಯಾಗಿ ಹೊಂದಿದೆ. ಗೇಟಿನಲ್ಲಿ ಪ್ರನೋಮ್ ಟೀಚರ್ ಕನ್ನಡಕ ಏರಿಸಿಕೊಂಡು ಹತ್ತಿರದಿಂದಲೇ ನೋಡಿದರು. ಮಡಿಕೆ ಎಣಿಸುವ ಕಣ್ಣು, ಗೊತ್ತಾಗದೆ ಇರುತ್ತದೆಯೇ? "ಸರಿ, ಹೋಗು" ಎಂದರು.

ಜೂನ್ 13. ಮಧ್ಯಾಹ್ನ 2. ನರ್ಸ್ ಕೋಣೆ

ಕ್ರಮವಾಗಿ ಬರೆಯಬೇಕು.

ಇಡೀ ಶಾಲೆ ಸಭಾಂಗಣದ ನೆಲದ ಮೇಲೆ, ನಡುವೆ ಒಂದು ದಾರಿ. ಮುಂದೆ ವೇದಿಕೆ, ಕುರ್ಚಿಯಲ್ಲಿ ಟೀಚರ್‌ಗಳು, ಮಧ್ಯದಲ್ಲಿ ಡೈರೆಕ್ಟರ್ ಮೇಡಂ. ಹಿಂದಿನ ಬಾಗಿಲಿನ ಆಚೆ, ಚಪ್ಪಲಿ ಬಿಡುವ ಮೆಟ್ಟಿಲಿನ ಹತ್ತಿರ, ಲಮಿಯತ್ ದೊಡ್ಡಮ್ಮ. ಪ್ರತಿ ವರ್ಷ ಅಲ್ಲೇ ನಿಲ್ಲುತ್ತಾಳೆ, ಸೂಜಿದಾರ ಪಿನ್ನು ಹಿಡಿದು. ಯಾರದಾದರೂ ಗುಂಡಿ ಕಿತ್ತರೆ, ಸ್ಕರ್ಟು ಜಾರಿದರೆ. ಈ ವರ್ಷ ಬರಬೇಡ ಎನ್ನಲು ಯಾರಿಗೂ ನೆನಪಾಗಿರಲಿಲ್ಲ.

ಶ್ಲೋಕ ಶುರುವಾಯಿತು. ದೊಡ್ಡ ಕ್ಲಾಸಿನವರು ಮೊದಲು. ಆರು-ಒಂದು ವೇದಿಕೆಗೆ ಹೋಗಿ ಬಂತು. ನಮ್ಮ ಸರದಿ. ಮೆಟ್ಟಿಲ ಬುಡದಲ್ಲಿ ಮಂಡಿಯೂರಿದೆ. ತಟ್ಟೆ ಹಣೆಯ ಮಟ್ಟಕ್ಕೆ ಎತ್ತಿದೆ. ಆಮೇಲೆ ಮೆಟ್ಟಿಲು ಏರಬೇಕಾದ ಕಡೆ ಪೂರ್ತಿ ಹಿಂದಕ್ಕೆ ತಿರುಗಿದೆ.

"ಎಲ್ಲಿಗೇ ಹೋಗ್ತಿದೀಯ, ಕತ್ತೆ?" ಪಕ್ಕದಲ್ಲಿ ಖಿಂಗ್, ತುಟಿ ಆಡಿಸದೆ.

"ಹಿಂದಕ್ಕೆ. ನೀನು ವೇದಿಕೆಗೆ ಹೋಗು. ಸ್ಕಾಲರ್‌ಶಿಪ್."

ಎರಡು ಕ್ಷಣ. ಆಮೇಲೆ ಪಕ್ಕದಲ್ಲಿ ಅವಳ ಮಂಡಿ ನೆಲಕ್ಕೆ ಉಜ್ಜುವ ಸದ್ದು. "ಒಬ್ಳೇ ಹೋಗಿ ಹೀರೋಯಿನ್ ಆಗೋಕೆ ಬಿಡ್ತೀನಾ?" ಎಂದಳು.

ಮಂಡಿಯಲ್ಲೇ ಹೋದೆವು. ಸಭಾಂಗಣದ ಉದ್ದಕ್ಕೂ. ಎದ್ದು ನಡೆದಿದ್ದರೆ ಹಿಡಿದು ನಿಲ್ಲಿಸುತ್ತಿದ್ದರು. ಹೂತಟ್ಟೆ ಹಿಡಿದು ಮಂಡಿಯಲ್ಲಿ ಹೋಗುವವಳನ್ನು ಹಿಡಿಯುವುದು ಹೇಗೆ? ಅವರೇ ಕಲಿಸಿದ್ದು, ಬೆನ್ನು ನೆಟ್ಟಗೆ, ಕಣ್ಣು ತಟ್ಟೆಯ ಮೇಲೆ, ಅವಸರ ಬೇಡ. ಒಂದೂ ತಪ್ಪಲಿಲ್ಲ. ದಿಕ್ಕು ಬಿಟ್ಟು.

ಮೈಕಿನಲ್ಲಿ ಡೈರೆಕ್ಟರ್ ಮೇಡಂ: "ಆರು-ಎರಡು, ದಾರಿ ತಪ್ಪಿದೆ… ಆ ಮಕ್ಕಳನ್ನ ನಿಲ್ಸಿ ಯಾರಾದ್ರೂ…"

ಅದೇ ಮೈಕಿನಲ್ಲಿ, ಆರಿಸಲು ಮರೆತದ್ದಕ್ಕೆ, ಪ್ರನೋಮ್ ಟೀಚರ್ ದನಿ: "ಸುಮ್ನಿರಿ ಮೇಡಂ. ವಂದನೆ ನಡೀವಾಗ ತಡೆದ್ರೆ ಒಳ್ಳೇದಲ್ಲ."

ಇಡೀ ಶಾಲೆಗೆ ಕೇಳಿಸಿತು.

ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು, ಬಾಯಲ್ಲಿ ಎರಡು ಪಿನ್ನು. ನಾವು ಬರುವುದನ್ನು ನೋಡಿ ಹಿಂದೆ ತಿರುಗಿದಳು, ತನ್ನ ಬೆನ್ನ ಹಿಂದೆ ಯಾರಾದರೂ ದೊಡ್ಡವರು ಇದ್ದಾರಾ ಎಂದು. ಯಾರೂ ಇರಲಿಲ್ಲ.

"ಏಳೇ ಮೇಲೆ" ಎಂದಳು, ಪಿನ್ನಿನ ನಡುವೆಯೇ. "ಮಂಡಿ ಸುಲೀತಿದೆ. ಸ್ಕರ್ಟ್ ಹರಿದ್ರೆ ಹೊಲಿಯೋರು ಯಾರು?"

"ನೀವೇ. ಮೊದಲು ಕೂತ್ಕೊಳ್ಳಿ, ದೊಡ್ಡಮ್ಮ."

ಕೂರಲು ಕುರ್ಚಿ ಇರಲಿಲ್ಲ. ಚಪ್ಪಲಿ ಮೆಟ್ಟಿಲ ಮೇಲೆ ಕೂತಳು. ಪಿನ್ನು ತೆಗೆದು ಕಾಲರಿಗೆ ಚುಚ್ಚಿಕೊಂಡಳು, ಅಂಗಿ ಎಳೆದು ಸರಿಮಾಡಿಕೊಂಡಳು. ಮುಖ ನೋಡಿ ತಟ್ಟೆ ಕೊಟ್ಟೆ. ಹಣೆ ನೆಲಕ್ಕೆ ಇಟ್ಟೆ. ಅವಳ ಕೈ ನನ್ನ ತಲೆಯ ಮೇಲೆ ಬಂತು, ಆಮೇಲೆ ಖಿಂಗಳ ತಲೆಯ ಮೇಲೆ. ಅತ್ತಳು. ನಾನೂ ಅತ್ತೆ. ಖಿಂಗ್ ಮೂಗು ಸುರಿಸುತ್ತ ಅತ್ತಳು. ಬರೆಯಲು ನಾಚಿಕೆಯಿಲ್ಲ.

ಹಿಂದೆ ಏನೋ ಉಜ್ಜುವ ಸದ್ದು. ತಿರುಗಿದೆ.

ಐದು-ಒಂದು. ಅವರ ಹಿಂದೆ ಐದು-ಎರಡು. ಅವರ ಹಿಂದೆ ನಾಲ್ಕನೇ ವರ್ಷದವರು. ಹೀಗೇ ಕೊನೆಯ ತನಕ. ತಾಲೀಮಿನಲ್ಲಿ ಟೀಚರ್‌ಗಳು ಒಂದೇ ಮಾತು ತಲೆಗೆ ತುಂಬಿದ್ದರು: ಯೋಚಿಸಬೇಡಿ, ಮುಂದಿನ ಅಕ್ಕಂದಿರು ಎಲ್ಲಿಗೆ ಹೋಗ್ತಾರೋ ಹಿಂದೇ ಹೋಗಿ. ಐದು-ಎರಡರವರು ಬೇಕೆಂದೇ ಬಂದರು, ನೋಡಿದರೆ ಗೊತ್ತಾಗುತ್ತಿತ್ತು, ನಗು ತಡೆಯುತ್ತಿದ್ದರು. ಉಳಿದವರು ಹೇಳಿಕೊಟ್ಟ ಪಾಠ ತಪ್ಪದೆ ಬಂದರು. ಎಲ್ಲಕ್ಕಿಂತ ಕೊನೆಯಲ್ಲಿ ಒಂದನೇ ವರ್ಷದ ಬೆಳದಿಂಗಳು, ತನಗಿಂತ ದೊಡ್ಡ ತಟ್ಟೆ ಹಿಡಿದು, ನಾಲಗೆ ಕಚ್ಚಿಕೊಂಡು.

ಚಪ್ಪಲಿ ಮೆಟ್ಟಿಲ ಮೇಲೆ ತಟ್ಟೆ ಇಡಲು ಜಾಗ ಸಾಲಲಿಲ್ಲ. ವೇದಿಕೆಯ ಮೇಲೆ ಆರು-ಒಂದರದೇ ಒಂದು ಜೊತೆ.

ಜೂನ್ 14, ಶುಕ್ರವಾರ. ಬೆಳಿಗ್ಗೆ 8.30. ಡೈರೆಕ್ಟರ್ ಕೋಣೆಯ ಹೊರಗಿನ ಬೆಂಚು

ಕೋಣೆಗೆ ಇನ್ನೂ ಬೀಗ ಇದೆ. ಕಾಫಿ ಕಾರ್ನರ್ ಬಂದೇ ಬರುತ್ತದೆ.

ದೊಡ್ಡಮ್ಮ ಗೇಟಿನ ಎದುರು, ರಸ್ತೆಯಾಚೆ, ಹೇರ್‌ಕಟಿಂಗ್ ಅಂಗಡಿಯ ಮುಂದಿನ ಮಳೆಮರದ ಕೆಳಗೆ ಮಷಿನ್ ಹಾಕಿಕೊಂಡಿದ್ದಾಳೆ. ಬೆಳಿಗ್ಗೆ ಏಳಕ್ಕೇ ಸಾಲು. ನನ್ನನ್ನು ನೋಡಿದವಳೇ ಹತ್ತಿರ ಎಳೆದು ಎದೆಯ ಮೇಲಿನ ಬಾಲ್‌ಪೆನ್ ಚುಕ್ಕಿ ನೋಡಿದಳು. ನಿನ್ನೆಯ ಬೆವರಿಗೆ ಅದು ಹರಡಿ ಬಟಾಣಿಯಷ್ಟಾಗಿತ್ತು, ಒಗೆದರೂ ಹೋಗಿರಲಿಲ್ಲ.

"ಥೂ, ಕೊಳಕಿ. ಈ ಕಲೆ ಇನ್ನು ಹೋಗಲ್ಲ. ಇದರ ಮೇಲೇ ಹೊಲಿಬೇಕು. ಉಸಿರು ಬಿಗಿಹಿಡಿ."

ಮೈಮೇಲೆ ಇದ್ದ ಹಾಗೇ ಕೈಸೂಜಿಯಲ್ಲಿ ಹೊಲಿದಳು. ಉಳಿದೆರಡಕ್ಕಿಂತ ದಪ್ಪ. ಗೇಟಿನಲ್ಲಿ ಪ್ರನೋಮ್ ಟೀಚರ್ ಬಹಳ ಹೊತ್ತು ನೋಡಿದರು, ಪುಸ್ತಕದಲ್ಲಿ ಏನೂ ಬರೆಯಲಿಲ್ಲ.

ಖಿಂಗ್ ಪಕ್ಕದಲ್ಲಿ ಕೂತಿದ್ದಾಳೆ, ನನ್ನ ಬಿಸ್ಕತ್ತು ತಿನ್ನುತ್ತ. ಒಬ್ಬೊಬ್ಬರಾಗಿ ಕರೆಯುತ್ತಾರಂತೆ. ಒಳಗೆ ಹೋಗಿ ಮಂಡಿಯೂರಿ, ಹಣೆ ನೆಲಕ್ಕಿಟ್ಟು, ಮಾಡಿದ್ದು ತಪ್ಪು ಎನ್ನಬೇಕಂತೆ. ಹಾಗೆಂದರೆ ಅರವತ್ತಕ್ಕೆ ಏರಿಸುತ್ತಾರಂತೆ, ನಡತೆ ಪತ್ರವೂ ಸಿಗುತ್ತದಂತೆ.

ನನ್ನ ಎರಡೂ ಮಂಡಿ ಸುಲಿದಿವೆ. ದಪ್ಪ ಬ್ಯಾಂಡೇಜು. ಒಂದು ವಾರ ಮಂಡಿ ಊರುವಂತಿಲ್ಲ ಎಂದು ಶಾಲೆಯ ನರ್ಸೇ ಶಾಲೆಯ ಕಾಗದದಲ್ಲಿ ಬರೆದು ಸೀಲು ಹಾಕಿ ಕೊಟ್ಟಿದ್ದಾರೆ. ಜೇಬಿನಲ್ಲಿದೆ.

ಬಾಗಿಲು ತೆರೆಯಿತು. ನನ್ನ ಹೆಸರೇ ಮೊದಲು. ಪೂರ್ತಿ ಹೆಸರು, ಅಮ್ಮನ ಅಡ್ಡಹೆಸರಿನ ಸಮೇತ. ಹೋಗುತ್ತೇನೆ. ನಿಂತೇ ಮಾತಾಡುತ್ತೇನೆ, ತಲೆ ಎತ್ತಿ—